ಅಮ್ಮನ ಮಂಡಿಗೆ ಗ್ಯಾರಂಟಿ ಕಾರ್ಡ್ ಎಲ್ಲಿ?

ನಮ್ಮ ಮನೆಯಲ್ಲಿ ಒಂದು ತಗಡಿನ ಪೆಟ್ಟಿಗೆ ಇದೆ. ಪಹಣಿ, ರೇಷನ್ ಕಾರ್ಡು, ತೋಟದ ಬೋರ್‌ವೆಲ್ಲಿಗೆ ಇಳಿಸಿದ ಮೋಟರುಗಳ ಬಿಲ್ಲು, ಗ್ಯಾರಂಟಿ ಕಾರ್ಡು ಎಲ್ಲ ಅದರೊಳಗೇ. ಯಾವ ಮೋಟರು ಯಾವ ವರ್ಷ ಸುಟ್ಟಿತು, ಎಷ್ಟು ಸಲ ರಿವೈಂಡ್ ಮಾಡಿಸಿದ್ದು, ಯಾವ ಕಂಪನಿಯದು ಬಾಳಿಕೆ ಬಂತು ಅನ್ನೋದನ್ನ ಅಮ್ಮ ಪೆಟ್ಟಿಗೆ ತೆರೆಯದೇ ಹೇಳ್ತಾಳೆ.

ಎರಡು ವರ್ಷದ ಹಿಂದೆ ಡಾಕ್ಟರೊಬ್ಬರು ಅವಳ ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು, "ಎರಡೂ ಮಂಡಿ ಪೂರ್ತಿ ಸವೆದಿದೆ, ಬದಲಾಯಿಸಬೇಕು" ಅಂದರು. ಅಮ್ಮ ಕೇಳಿದ ಮೊದಲ ಪ್ರಶ್ನೆ, "ಎಷ್ಟ್ ವರ್ಷ ಬತ್ತೈತೆ ಸಾ?"

"ಆರಾಮಾಗಿ ಇಪ್ಪತ್ತೈದು ವರ್ಷ ಬರುತ್ತಮ್ಮ."

"ಯಾವ್ ಕಂಪ್ನೀದು?"

"ಇಂಪೋರ್ಟೆಡ್."

ಹೊರಗೆ ಬಂದು ಆಟೋ ಹತ್ತುವಾಗ ಅಮ್ಮ ಅಂದಳು: "ಒಂದ್ ಮೋಟ್ರು ತರುವಾಗ್ಲೂ ಇಷ್ಟ್ ಕಮ್ಮಿ ವಿಚಾರ್ಸಿ ತಂದಿಲ್ಲ ಕಣೋ. ನೀನ್ ದಿನಾ ಅದೇ ಕಂಪ್ಯೂಟ್ರ ಮುಂದೆ ಕುಂತಿರ್ತೀಯಲ್ಲ, ಸ್ವಲ್ಪ ನೋಡು."

ನೋಡಿದೆ. ನೀವೂ ಅಪ್ಪನಿಗೋ ಅಮ್ಮನಿಗೋ ಒಂದು ರಾತ್ರಿ ಹೀಗೆ ಹುಡುಕಿರುತ್ತೀರಿ, ಏನು ಸಿಗುತ್ತೆ ಅಂತ ಗೊತ್ತಿರುತ್ತೆ. ಬೆಟ್ಟ ಹತ್ತಿ ನಗುತ್ತಾ ನಿಂತ ಅಜ್ಜ-ಅಜ್ಜಿಯರು, ಚಿನ್ನದ ಬಣ್ಣದ ಮಂಡಿ, ಇಎಂಐ ಸೌಲಭ್ಯ, ನಾಲ್ಕು ಗಂಟೆಯೊಳಗೆ ನಡೆದಾಡುವ ಭರವಸೆ. ಅದರ ಎದುರು ಬದಿಗೆ ವಾಟ್ಸಾಪಿನ ದೊಡ್ಡಪ್ಪಂದಿರು: ಆಪರೇಷನ್ ಬೇಡ್ವೇ ಬೇಡ, ಈ ಎಣ್ಣೆ ಹಚ್ಚಿ. ಇಪ್ಪತ್ತೈದು ವರ್ಷ ಅನ್ನೋ ಸಂಖ್ಯೆಯೂ ಎಲ್ಲ ಕಡೆ ಇತ್ತು. ಎಲ್ಲಿಂದ ಬಂತು ಅಂತ ಮಾತ್ರ ಯಾರೂ ಬರೆದಿರಲಿಲ್ಲ. ನಮ್ಮ ಆಫೀಸಿನಲ್ಲಿ ಯಾರಾದರೂ "ಸಿಸ್ಟಮ್ 99.9 ಪರ್ಸೆಂಟ್ ಅಪ್ ಇರುತ್ತೆ" ಅಂದರೆ ನಾವು ಕೇಳೋದು ಒಂದೇ ಮಾತು, ಲಾಗ್ ತೋರಿಸಿ. ಮಂಡಿಯ ಲಾಗ್ ಯಾರ ಹತ್ತಿರ ಇದೆ? ಇದನ್ನು ಹುಡುಕುತ್ತಾ ಹೋಗಿ ನಾನು ಸಿಕ್ಕಿಬಿದ್ದದ್ದು ಇತಿಹಾಸದಲ್ಲಿ.

ಮೊದಲು ಸಿಕ್ಕವನು ಬರ್ಲಿನ್ನಿನ ಥೆಮಿಸ್ಟೊಕ್ಲಿಸ್ ಗ್ಲುಕ್. 1890ರಲ್ಲಿ ಆನೆಯ ದಂತದಲ್ಲಿ ಬಾಗಿಲ ಹಿಂಜಿನಂಥ ಮಂಡಿ ಮಾಡಿ, ಕ್ಷಯದಿಂದ ಕೀಲು ಹಾಳಾದವರ ಕಾಲಿಗೆ ಕೂರಿಸಿದ. ಮೊದಮೊದಲು ಚೆನ್ನಾಗೇ ಇತ್ತು. ಆಮೇಲೆ ಸೋಂಕು ಮತ್ತೆ ಹೊರಬಂತು, ಕೀಲುಗಳು ಕೆಟ್ಟವು. ಕೊನೆಗೆ ಕ್ಷಯ ಇರುವ ಕೀಲಿಗೆ ಇದನ್ನು ಮಾಡಬೇಡಿ ಅಂತ ಅವನೇ ಹೇಳಬೇಕಾಯ್ತು. ಈ ಕಥೆಯಲ್ಲಿ "ಕೆಟ್ಟಿತು" ಅಂತ ಬಾಯಿಬಿಟ್ಟು ಹೇಳಿದವರು ಕಡಿಮೆ, ಹಾಗಾಗಿ ಅವನ ಹೆಸರನ್ನು ಬರೆದಿಟ್ಟುಕೊಂಡೆ.

ನಿಜವಾದ ಕಥೆ ಶುರುವಾಗೋದು ಇಂಗ್ಲೆಂಡಿನ ಜಾನ್ ಚಾರ್ನ್‌ಲೀಯಿಂದ. ಮ್ಯಾಂಚೆಸ್ಟರ್ ಕಡೆಯ ಮೂಳೆ ಡಾಕ್ಟರು. 1950ರ ದಶಕದಲ್ಲಿ ಅವರ ಹತ್ತಿರ ಒಬ್ಬ ರೋಗಿ ಬಂದ. ಅವನ ಸೊಂಟದ ಕೀಲಿಗೆ ಫ್ರಾನ್ಸಿನ ಜೂಡೆ ಸಹೋದರರ ವಿನ್ಯಾಸದ ಅಕ್ರಿಲಿಕ್ ಗುಂಡು ಹಾಕಿದ್ದರು. ಊಟದ ಮೇಜಿನ ಹತ್ತಿರ ಬಗ್ಗಿದರೆ ಸೊಂಟ ಕಿರ್ರ್ ಅನ್ನೋದಂತೆ. ಆ ಸದ್ದು ತಡೆಯಲಾರದೆ ಹೆಂಡತಿ ಎದ್ದು ಹೋಗೋಳಂತೆ. ಬೇರೆಯವರಾದರೆ ನಕ್ಕು ಸುಮ್ಮನಾಗೋರು. ಚಾರ್ನ್‌ಲೀ ಮಾತ್ರ ಎತ್ತಿನಗಾಡಿಯವನ ಥರ ಯೋಚಿಸಿದರು. ಕಿರ್ ಅಂದರೆ ಉಜ್ಜಾಟ ಜಾಸ್ತಿ ಇದೆ, ಉಜ್ಜಾಟ ಇದ್ದರೆ ಗುಂಡಿಯನ್ನು ಹಿಡಿದಿರೋ ಬುಡ ಅಲ್ಲಾಡಿ ಸಡಿಲವಾಗುತ್ತೆ. ಕೀಲೆಣ್ಣೆ ಬೇಡದ ಕೀಲು ಬೇಕು ಅಂತ ಹೊರಟರು.

ವಿಗನ್ ಊರಿನ ಹತ್ತಿರ ರೈಟಿಂಗ್‌ಟನ್ ಅಂತ ಹಳೇ ಕ್ಷಯದ ಆಸ್ಪತ್ರೆ. ಅಲ್ಲೇ ಅವರ ವರ್ಕ್‌ಶಾಪು. ತೊಡೆಮೂಳೆಗೆ ಸ್ಟೀಲಿನ ಸಣ್ಣ ಗುಂಡು, ಸೊಂಟದ ಕಡೆ ಜಾರುವ ಬಟ್ಟಲು, ಎರಡನ್ನೂ ಮೂಳೆಗೆ ಹಿಡಿಸೋಕೆ ಹಲ್ಲಿನ ಡಾಕ್ಟರುಗಳು ಬಳಸುತ್ತಿದ್ದ ಜಾತಿಯ ಅಕ್ರಿಲಿಕ್ ಸಿಮೆಂಟು. ಬಟ್ಟಲಿಗೆ ಆರಿಸಿದ್ದು ಟೆಫ್ಲಾನ್. ಹೌದು, ನಮ್ಮ ದೋಸೆ ತವಾದ ಮೇಲಿರೋದೇ. ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದವರು ಎದ್ದು ನಡೆದರು. 1961ರಲ್ಲಿ ಚಾರ್ನ್‌ಲೀ ಇದನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಸುಮಾರು 300 ಜನಕ್ಕೆ ಟೆಫ್ಲಾನ್ ಬಟ್ಟಲು ಕೂತಿತ್ತು.

ಆಮೇಲೆ ಒಬ್ಬೊಬ್ಬರೇ ವಾಪಸ್ ಬರತೊಡಗಿದರು. ಟೆಫ್ಲಾನ್ ಎರಡು ಮೂರು ವರ್ಷಕ್ಕೇ ಸವೆದು, ಅದರ ಪುಡಿ ಸುತ್ತಲಿನ ಮಾಂಸದಲ್ಲಿ ಸೇರಿ, ಮೂಳೆಯನ್ನೇ ತಿನ್ನುತ್ತಿತ್ತು. ಆ 300ರಲ್ಲಿ ಬಹಳಷ್ಟನ್ನು ಚಾರ್ನ್‌ಲೀಯೇ ಮತ್ತೆ ಬಿಚ್ಚಿ ತೆಗೆಯಬೇಕಾಯ್ತು. ಪುಡಿ ದೇಹದಲ್ಲಿ ಏನು ಮಾಡುತ್ತೆ ನೋಡೋಣ ಅಂತ ಟೆಫ್ಲಾನಿನ ತುಣುಕುಗಳನ್ನು ತನ್ನ ತೊಡೆಯೊಳಗೇ ಇಡಿಸಿಕೊಂಡರು. ಕೆಲವು ತಿಂಗಳಲ್ಲಿ ಆ ಜಾಗ ಗಂಟು ಕಟ್ಟಿತು. ಅದನ್ನೂ 1963ರಲ್ಲಿ ಅದೇ ಲ್ಯಾನ್ಸೆಟ್‌ಗೆ ಬರೆದು ಕಳಿಸಿದರು. ಗೆದ್ದದ್ದನ್ನು ಹೇಳಿದ ಜಾಗದಲ್ಲೇ ಸೋತದ್ದನ್ನೂ ಹೇಳೋದು. ನಾನು ಹದಿಮೂರು ವರ್ಷ ಸಾಫ್ಟ್‌ವೇರಿನಲ್ಲಿದ್ದೀನಿ. ಪ್ರೊಡಕ್ಷನ್‌ನಲ್ಲಿ ಬಿದ್ದದ್ದು ತನ್ನ ಕೋಡು ಅಂತ ಮೀಟಿಂಗಿನಲ್ಲಿ ಕೈ ಎತ್ತಿದವರನ್ನು ಒಂದು ಕೈಬೆರಳಲ್ಲಿ ಎಣಿಸಬಹುದು, ಆ ಬೆರಳುಗಳಲ್ಲಿ ನಾನು ಎಲ್ಲ ಸಲವೂ ಇಲ್ಲ.

ಮುಂದಿನ ಭಾಗ ನನಗೆ ತುಂಬಾ ಇಷ್ಟ. 1962ರಲ್ಲಿ ಒಬ್ಬ ಸೇಲ್ಸ್‌ಮನ್ ಹೊಸ ಪ್ಲಾಸ್ಟಿಕ್ಕಿನ ಸ್ಯಾಂಪಲ್ ಹಿಡಿದು ರೈಟಿಂಗ್‌ಟನ್ನಿಗೆ ಬಂದ. ಲ್ಯಾಂಕಾಶೈರಿನ ಬಟ್ಟೆ ಗಿರಣಿಗಳ ಮಗ್ಗದಲ್ಲಿ ಹಲ್ಲುಚಕ್ರಗಳಿಗೆ ಬಳಸುತ್ತಿದ್ದ ಪ್ಲಾಸ್ಟಿಕ್ಕು ಅದು. (ನಮ್ಮ ನೇಕಾರರ ಅನ್ನ ಕಿತ್ತುಕೊಂಡ ಗಿರಣಿಗಳು ನಮ್ಮ ಅಜ್ಜಿಯರ ಮಂಡಿಗೆ ಏನೋ ಒಂದು ವಾಪಸ್ ಕೊಟ್ಟವು ಅನ್ನಬಹುದೇನೋ. ಲೆಕ್ಕ ಚುಕ್ತಾ ಆಯ್ತು ಅಂತ ಹೇಳ್ತಿಲ್ಲ.) ಚಾರ್ನ್‌ಲೀ ಅದಕ್ಕೆ ಉಗುರು ಚುಚ್ಚಿ ನೋಡಿ, ಇದು ಕೆಲಸಕ್ಕೆ ಬರಲ್ಲ ಅಂತ ಹೋಗಿಬಿಟ್ಟರು. ಅವರ ಲ್ಯಾಬಿನಲ್ಲಿ ಹ್ಯಾರಿ ಕ್ರೇವನ್ ಅಂತ ಒಬ್ಬ ಮೆಕ್ಯಾನಿಕ್ ಇದ್ದ. ಸಾಹೇಬರು ವಿದೇಶಕ್ಕೆ ಹೋದಾಗ ಅವನು ಸುಮ್ಮನೆ ಆ ಪ್ಲಾಸ್ಟಿಕ್ಕನ್ನು ತನ್ನ ಸವೆತದ ಯಂತ್ರಕ್ಕೆ ಸಿಕ್ಕಿಸಿ ಹಗಲು ರಾತ್ರಿ ಓಡಿಸಿದ. ಟೆಫ್ಲಾನ್ ಒಂದು ದಿನದಲ್ಲಿ ಸವೆದಷ್ಟು ಇದು ಮೂರು ವಾರ ಓಡಿದರೂ ಸವೆಯಲಿಲ್ಲ. ವಾಪಸ್ ಬಂದ ಚಾರ್ನ್‌ಲೀ ನೋಡಿ ಒಪ್ಪಿಕೊಂಡರು. ಆ ವರ್ಷದ ನವೆಂಬರಿನಲ್ಲಿ ಮೊದಲ ಪಾಲಿಎಥಿಲೀನ್ ಬಟ್ಟಲು ಕೂತಿತು. ಇವತ್ತಿಗೂ ಸೊಂಟ, ಮಂಡಿ ಎರಡರಲ್ಲೂ ಲೋಹ ಜಾರೋದು ಹೆಚ್ಚಾಗಿ ಅದೇ ವಂಶದ ಪ್ಲಾಸ್ಟಿಕ್ಕಿನ ಮೇಲೆ.

ಸುಟ್ಟುಕೊಂಡ ಮೇಲೆ ಚಾರ್ನ್‌ಲೀ ಎರಡು ಕೆಲಸ ಮಾಡಿದರು. ಮೊದಲನೆಯದು, ರೈಟಿಂಗ್‌ಟನ್ನಿಗೆ ಬಂದು ಕಲಿಯದ ಸರ್ಜನ್ನರಿಗೆ ತನ್ನ ಕೀಲನ್ನು ಮಾರಬೇಡಿ ಅಂತ ತಯಾರಕರಿಗೆ ಹೇಳಿ ಕೆಲವು ವರ್ಷ ತಡೆಹಿಡಿದರು. ಎರಡನೆಯದು, ನೀವು ತೀರಿಕೊಂಡ ಮೇಲೆ ಆ ಕೀಲನ್ನು ನೋಡೋಕೆ ನಮಗೆ ಬಿಡಿ ಅಂತ ರೋಗಿಗಳನ್ನೇ ಕೇಳಿಕೊಂಡರು. ಬಹಳ ಜನ ಒಪ್ಪಿದರು. ಎಷ್ಟು ಸವೆದಿದೆ ಅಂತ ಅಳೆಯೋಕೆ ಬೇರೆ ದಾರಿ ಇರಲಿಲ್ಲ.

ಮಂಡಿಯ ಕಥೆ ಇದಕ್ಕಿಂತ ತಡ. ಸೊಂಟ ಗುಂಡು-ಬಟ್ಟಲಿನ ಸರಳ ಲೆಕ್ಕ. ಮಂಡಿ ಹಾಗಲ್ಲ, ಮಡಚುತ್ತೆ, ಜಾರುತ್ತೆ, ಸ್ವಲ್ಪ ತಿರುಚುತ್ತೆ. ಅದಕ್ಕೊಂದು ಗಟ್ಟಿ ರೂಪ ಬಂದಿದ್ದು 1974ರ ಹೊತ್ತಿಗೆ, ನ್ಯೂಯಾರ್ಕಿನಲ್ಲಿ. ಆ ತಂಡದಲ್ಲಿ ಜಾನ್ ಇನ್ಸಾಲ್ ಜೊತೆ ಮಧ್ಯಪ್ರದೇಶ ಮೂಲದ ಚಿತ್ತರಂಜನ್ ರಾಣಾವತ್ ಇದ್ದರು. 2000ದ ಅಕ್ಟೋಬರಿನಲ್ಲಿ ಪ್ರಧಾನಿ ವಾಜಪೇಯಿಯವರ ಎಡಮಂಡಿಯನ್ನೂ ಮುಂದಿನ ವರ್ಷ ಜೂನಿನಲ್ಲಿ ಬಲಮಂಡಿಯನ್ನೂ ಮುಂಬೈನಲ್ಲಿ ಬದಲಾಯಿಸಿದ್ದು ಅದೇ ರಾಣಾವತ್. ನಮ್ಮೂರಿನಲ್ಲಿ ಈ ಆಪರೇಷನ್ನಿನ ಸುದ್ದಿ ಬಂದದ್ದೇ ಆಗ. ನಾನು ಹೈಸ್ಕೂಲು. ಅರಳಿಕಟ್ಟೆಯಲ್ಲಿ "ವಾಜಪೇಯಿ ಚಿಪ್ಪು ಬದಲಾಯಿಸವ್ರಂತೆ" ಅನ್ನೋ ಮಾತು ವಾರಗಟ್ಟಲೆ ನಡೀತು. ಚಿಪ್ಪು ಅಲ್ಲ ಅನ್ನೋದು ನನಗೂ ಗೊತ್ತಾಗಿದ್ದು ಈಗಲೇ. ತೊಡೆಮೂಳೆಯ ತುದಿಗೆ ಲೋಹದ ಟೋಪಿ, ಕಾಲಿನ ಮೂಳೆಯ ಮೇಲೆ ಲೋಹದ ತಟ್ಟೆ, ನಡುವೆ ಪ್ಲಾಸ್ಟಿಕ್ ಬಿಲ್ಲೆ. ಚಿಪ್ಪನ್ನು ಕೆಲವರಿಗೆ ಹಾಗೇ ಬಿಡ್ತಾರೆ, ಕೆಲವರಿಗೆ ಅದರ ಹಿಂಬದಿಗೊಂದು ಪ್ಲಾಸ್ಟಿಕ್ ಹೊದಿಸ್ತಾರೆ.

ಸರಿ, ಲಾಗ್ ಎಲ್ಲಿ? ಉತ್ತರ ಸ್ವೀಡನ್ನಿನಲ್ಲಿ ಸಿಕ್ಕಿತು.

ಒಬ್ಬ ಸರ್ಜನ್ ಸಾವಿರ ಆಪರೇಷನ್ ಮಾಡಿರಬಹುದು. ಆದರೆ ಕೀಲು ಕೆಟ್ಟವರು ಅವರ ಹತ್ತಿರವೇ ವಾಪಸ್ ಹೋಗ್ತಾರೆ ಅಂತೇನಿಲ್ಲ. ಕೋಪ ಮಾಡಿಕೊಂಡು ಇನ್ನೊಬ್ಬರ ಹತ್ತಿರ ಹೋಗ್ತಾರೆ, ಇಲ್ಲಾ ಮನೆಯಲ್ಲೇ ನರಳ್ತಾರೆ. ಹಾಗಾಗಿ "ನನ್ನ ಪೇಷೆಂಟುಗಳೆಲ್ಲ ಚೆನ್ನಾಗಿದ್ದಾರೆ" ಅನ್ನೋ ಡಾಕ್ಟರು ಸುಳ್ಳು ಹೇಳ್ತಿರಲ್ಲ, ಅವರಿಗೆ ಕಾಣಿಸ್ತಿರೋದೇ ಅಷ್ಟು. ಸ್ವೀಡನ್ 1975ರಲ್ಲಿ ಮಂಡಿಗೂ 1979ರಲ್ಲಿ ಸೊಂಟಕ್ಕೂ ಇಡೀ ದೇಶದ ದಾಖಲೆ ಪುಸ್ತಕ ತೆರೆಯಿತು. ಅಲ್ಲಿ ಪ್ರತಿಯೊಬ್ಬರಿಗೂ ಒಂದು ನಂಬರು ಇದೆ. ಯಾವ ಊರಿನಲ್ಲಿ ಕೂರಿಸಿ ಯಾವ ಊರಿನಲ್ಲಿ ಬಿಚ್ಚಿದರೂ ಎರಡೂ ಅದೇ ನಂಬರಿಗೆ ಬಂದು ಕೂಡುತ್ತೆ. ಯಾವ ಕಂಪನಿ, ಯಾವ ಮಾಡೆಲ್, ಎಷ್ಟು ವರ್ಷಕ್ಕೆ ಬಿಚ್ಚಬೇಕಾಯ್ತು ಎಲ್ಲ ಎಣಿಕೆ. ಬಾಳಿಕೆ ಬಾರದ ಮಾಡೆಲ್ಲುಗಳನ್ನು ಸರ್ಜನ್ನರೇ ಬಿಡುತ್ತಾ ಬಂದರು. ಅಮ್ಮನ ಮೋಟರಿನ ಪೆಟ್ಟಿಗೆಯನ್ನು ಒಂದು ದೇಶದ ಅಳತೆಗೆ ಹಿಗ್ಗಿಸಿದರೆ ಸಿಗೋದು ಇದೇ.

ಚಾರ್ನ್‌ಲೀಯ ದೇಶ ಮಾತ್ರ ಇದಕ್ಕೆ ಇನ್ನೊಂದು ಏಟು ತಿನ್ನಬೇಕಾಯ್ತು. 1991ರಲ್ಲಿ ಅಲ್ಲಿ ಕ್ಯಾಪಿಟಲ್ ಅನ್ನೋ ಸೊಂಟದ ಕೀಲು ಮಾರುಕಟ್ಟೆಗೆ ಬಂತು. ನೋಡೋಕೆ ಚಾರ್ನ್‌ಲೀ ಕೀಲಿನ ಹಾಗೇ, ಬೆಲೆ ಅಗ್ಗ. 1998ರಲ್ಲಿ ಅದು ಬೇಗ ಸಡಿಲವಾಗ್ತಿದೆ ಅಂತ ಸರ್ಕಾರ ಎಚ್ಚರಿಕೆ ಕೊಟ್ಟಿತು. ಸುಮಾರು 4,700 ಜನಕ್ಕೆ ಹಾಕಲಾಗಿತ್ತು. ಆ ಜನ ಯಾರು, ಎಲ್ಲಿದ್ದಾರೆ ಅಂತ ಆಸ್ಪತ್ರೆಗಳ ಹಳೇ ಕಡತ ಕೆದಕಿ ಹುಡುಕುವ ಪಾಡು. ಆ ಅವಮಾನದ ನಂತರವೇ 2003ರ ಏಪ್ರಿಲಿನಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿಗೆ ರಾಷ್ಟ್ರೀಯ ಕೀಲು ರಿಜಿಸ್ಟ್ರಿ ಶುರುವಾಯ್ತು. ಅದರ ವಾರ್ಷಿಕ ವರದಿಗಳು ಇವತ್ತು ಯಾರು ಬೇಕಾದರೂ ಓದಬಹುದು. ಮಾಡೆಲ್ಲಿನ ಹೆಸರು ಹಿಡಿದು, ಹತ್ತು ವರ್ಷದೊಳಗೆ ಎಷ್ಟು ಜನಕ್ಕೆ ಬಿಚ್ಚಬೇಕಾಯ್ತು ಅಂತ ನೋಡಬಹುದು.

ಅದೇ 2003ರಲ್ಲಿ ಎಎಸ್ಆರ್ ಅನ್ನೋ ಇನ್ನೊಂದು ಕೀಲು ಬಂತು. ಜಾನ್ಸನ್ ಅಂಡ್ ಜಾನ್ಸನ್‌ನ ಡಿಪ್ಯೂ ಕಂಪನಿಯದು. ಪ್ಲಾಸ್ಟಿಕ್ಕೇ ಇಲ್ಲ, ಲೋಹದ ಮೇಲೆ ಲೋಹ. ಹೊಸದು, ಹೆಚ್ಚು ಬಾಳುತ್ತೆ, ಓಡಾಡೋ ವಯಸ್ಸಿನವರಿಗೆ ಸರಿ ಅನ್ನೋ ಮಾತು. ಲೋಹ ಲೋಹಕ್ಕೆ ಉಜ್ಜಿ ಕೋಬಾಲ್ಟ್, ಕ್ರೋಮಿಯಂ ರಕ್ತಕ್ಕೆ ಸೇರತೊಡಗಿತು, ಸುತ್ತಲಿನ ಮಾಂಸ ಕೊಳೆಯತೊಡಗಿತು. ಮೊದಲು ಗಂಟೆ ಬಾರಿಸಿದ್ದು ಆಸ್ಟ್ರೇಲಿಯಾದ ರಿಜಿಸ್ಟ್ರಿ. ಅಲ್ಲಿ 2009ರ ಡಿಸೆಂಬರಿಗೆ ಅದನ್ನು ಹಿಂತೆಗೆದರು. ಇಂಗ್ಲೆಂಡಿನ ರಿಜಿಸ್ಟ್ರಿಯಲ್ಲಿ ಐದೇ ವರ್ಷಕ್ಕೆ ನೂರರಲ್ಲಿ 12-13 ಕೀಲುಗಳನ್ನು ಮತ್ತೆ ಬಿಚ್ಚಬೇಕಾಗಿ ಬಂದದ್ದು ಕಂಡಿತು. 2010ರ ಆಗಸ್ಟಿನಲ್ಲಿ ಜಗತ್ತಿನಾದ್ಯಂತ ವಾಪಸ್ ಕರೆದರು. ಅಷ್ಟು ಹೊತ್ತಿಗೆ ಸುಮಾರು 93,000 ಜನಕ್ಕೆ ಹಾಕಿಯಾಗಿತ್ತು.

ಭಾರತದಲ್ಲಿ ಎಷ್ಟು? ಸುಮಾರು 4,700. ಕ್ಯಾಪಿಟಲ್ಲಿನ ಸಂಖ್ಯೆಯೇ! ಕಾಕತಾಳೀಯ, ಆದರೆ ಓದುವಾಗ ಮೈ ಜುಂ ಅಂತು. ನಮ್ಮ ಕೇಂದ್ರ ಸರ್ಕಾರ ತನಿಖೆಗೆ ಸಮಿತಿ ಮಾಡಿದ್ದು 2017ರಲ್ಲಿ, ಅಂದರೆ ಕಂಪನಿ ವಾಪಸ್ ಕರೆದ ಏಳನೇ ವರ್ಷಕ್ಕೆ. ವರದಿ ಬಂದಾಗ ಗೊತ್ತಾಗಿದ್ದು, ಪತ್ತೆಯಾದ ರೋಗಿಗಳು ಸಾವಿರದ ಚಿಲ್ಲರೆ, ಉಳಿದ ಮೂರೂವರೆ ಸಾವಿರಕ್ಕೂ ಹೆಚ್ಚು ಜನ ಎಲ್ಲಿದ್ದಾರೋ ದಾಖಲೆಯೇ ಇಲ್ಲ. 2018ರ ಕೊನೆಗೆ 30 ಲಕ್ಷದಿಂದ 1 ಕೋಟಿ 23 ಲಕ್ಷ ರೂಪಾಯಿವರೆಗೆ ಪರಿಹಾರದ ಲೆಕ್ಕಾಚಾರವೂ ಬಂತು. ಪರಿಹಾರ ಕೇಳೋಕೆ ಮೊದಲು ನಿಮ್ಮ ಮೈಯೊಳಗಿರೋದು ಅದೇ ಅಂತ ನಿಮಗೆ ಗೊತ್ತಿರಬೇಕು. ಆಸ್ಪತ್ರೆಯ ಚೀಟಿಯಲ್ಲಿ "ಇಂಪೋರ್ಟೆಡ್" ಅಂತಷ್ಟೇ ಇದ್ದರೆ ಹೇಗೆ ಗೊತ್ತಾಗಬೇಕು?

ಇಲ್ಲಿಗೆ ನನ್ನ ನಿದ್ದೆ ಹೋಯ್ತು ಅಂತ ಬೇರೆ ಹೇಳಬೇಕಿಲ್ಲ.

ನ್ಯಾಯವಾಗಿ ಹೇಳಬೇಕಂದ್ರೆ ನಮ್ಮಲ್ಲಿ ಏನೂ ಆಗಿಲ್ಲ ಅಂತಲ್ಲ. 2017ರ ಆಗಸ್ಟಿನಲ್ಲಿ ಮಂಡಿ ಕೀಲಿನ ಬೆಲೆಗೆ ಸರ್ಕಾರ ಮಿತಿ ಹಾಕಿತು. ಸರಾಸರಿ 1,58,324 ರೂಪಾಯಿ ಇದ್ದ ಸಾಮಾನ್ಯ ಕೋಬಾಲ್ಟ್-ಕ್ರೋಮಿಯಂ ಮಂಡಿ 54,720ಕ್ಕೆ ಇಳಿಯಿತು, ಜಿಎಸ್‌ಟಿ ಬೇರೆ. ಸೊಂಟ-ಮಂಡಿ ಸರ್ಜನ್ನರ ಸಂಘದ್ದೇ ಒಂದು ರಿಜಿಸ್ಟ್ರಿಯೂ ಇದೆ. ಆದರೆ ಮನಸ್ಸಿದ್ದವರು ತುಂಬಬಹುದು ಅನ್ನೋ ಥರದ್ದು. ಆಸ್ತಿ ನೋಂದಣಿಗೆ, ಸಿಮ್ ಕಾರ್ಡಿಗೆ ಆಧಾರ್ ಕೇಳುವ ದೇಶದಲ್ಲಿ ಮೈಯೊಳಗೆ ಇಪ್ಪತ್ತು ವರ್ಷ ಇರಬೇಕಾದ ಲೋಹಕ್ಕೆ ಒಂದು ಕಡ್ಡಾಯ ರಿಜಿಸ್ಟ್ರಿ ಇಲ್ಲ ಅನ್ನೋದು ನನಗೆ ಅರಗಿಸಿಕೊಳ್ಳೋಕೆ ಕಷ್ಟ.

ಆ ಇಪ್ಪತ್ತೈದು ವರ್ಷದ ಮೂಲವೂ ಸಿಕ್ಕಿತು. 2019ರಲ್ಲಿ ಲ್ಯಾನ್ಸೆಟ್‌ನಲ್ಲೇ ಬಂದ ಎರಡು ಅಧ್ಯಯನ. ಆಸ್ಟ್ರೇಲಿಯಾ, ಫಿನ್ಲೆಂಡ್ ರಿಜಿಸ್ಟ್ರಿಗಳ ಲೆಕ್ಕ ತೆಗೆದಾಗ 25 ವರ್ಷ ಬಾಳೋದು ಪೂರ್ಣ ಮಂಡಿಯಲ್ಲಿ ನೂರಕ್ಕೆ ಸುಮಾರು 82, ಸೊಂಟದಲ್ಲಿ ಸುಮಾರು 58. ಅಂದರೆ ನಮ್ಮ ಡಾಕ್ಟರು ಹೇಳಿದ್ದು ಸುಳ್ಳಲ್ಲ. ಅರ್ಧ ಮಾತ್ರ ಹೇಳಿದ್ದರು. ಆ 82 ಇವತ್ತಿನ ಮಾಡೆಲ್ಲಿನದಲ್ಲ, 25 ವರ್ಷದ ಹಿಂದೆ ಹಾಕಿದ್ದರದು. ಹೊಸ ಮಾಡೆಲ್ಲಿಗೆ 25 ವರ್ಷದ ಲೆಕ್ಕ ಯಾರ ಹತ್ತಿರವೂ ಇರೋಕೆ ಸಾಧ್ಯ ಇಲ್ಲ, ಹೋರ್ಡಿಂಗಿನಲ್ಲಿ ಎಷ್ಟು ದಪ್ಪ ಅಕ್ಷರದಲ್ಲಿದ್ದರೂ. ಇನ್ನೊಂದು, "ಬಾಳೋದು" ಅಂದರೆ ಮತ್ತೆ ಬಿಚ್ಚಲಿಲ್ಲ ಅಂತ ಅರ್ಥ, ನೋವಿಲ್ಲ ಅಂತಲ್ಲ. ಮಂಡಿ ಬದಲಾಯಿಸಿಕೊಂಡವರಲ್ಲಿ ಐವರಲ್ಲಿ ಒಬ್ಬರಿಗೆ ಸಮಾಧಾನ ಇರಲ್ಲ ಅಂತ ಹಲವು ಅಧ್ಯಯನಗಳು ಹೇಳ್ತವೆ.

ಇಂಗ್ಲೆಂಡಿನಲ್ಲಿ ಅದನ್ನೂ ಕೇಳ್ತಾರೆ. ಆಕ್ಸ್‌ಫರ್ಡ್ ಸ್ಕೋರ್ ಅಂತ ಹನ್ನೆರಡು ಪ್ರಶ್ನೆ. ಒಬ್ಬರೇ ಅಂಗಡಿಗೆ ಹೋಗಿ ಬರ್ತೀರಾ, ಕಾರು ಹತ್ತಿ ಇಳೀತೀರಾ, ರಾತ್ರಿ ನೋವು ಇರುತ್ತಾ, ಮಂಡಿಯೂರಿ ಎದ್ದೇಳೋಕಾಗುತ್ತಾ. ನಾನು ಅದನ್ನು ಕನ್ನಡಕ್ಕೆ ಮಾಡಿಕೊಂಡು ಫೋನಿನಲ್ಲಿ ಅಮ್ಮನಿಗೆ ಓದಿದೆ. ಎಲ್ಲ ಕೇಳಿಸಿಕೊಂಡು, "ಕಾರ್ ಯಾವನತ್ರ ಐತೆ? ನೆಲದ್ ಮ್ಯಾಲೆ ಕುಂತು ಸೊಪ್ಪು ಬಿಡಿಸ್ಬೋದಾ ಕೇಳು. ತೋಟದ್ ಕಡೆ ಕಕ್ಕಸಿಗೆ ಕೂರಕಾಯ್ತದಾ ಕೇಳು" ಅಂದಳು. ಪ್ರಪಂಚದ ಅತ್ಯುತ್ತಮ ಪ್ರಶ್ನಾವಳಿಯಲ್ಲಿ ಈ ಎರಡೂ ಇಲ್ಲ. ಯಾರ ಮಂಡಿಗಾಗಿ ಪ್ರಶ್ನೆ ಬರೆದರೋ ಅವರ ಮನೆಯಲ್ಲಿ ಕುರ್ಚಿ ಇತ್ತು.

ಕೊನೆಗೆ ನಾವು ಬೇರೆ ಡಾಕ್ಟರ ಹತ್ತಿರ ಹೋದೆವು. ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ: ಯಾವ ಕಂಪನಿ, ಯಾವ ಮಾಡೆಲ್, ಯಾವ ರಿಜಿಸ್ಟ್ರಿಯಲ್ಲಿ ಇದರ ಹತ್ತು ವರ್ಷದ ಲೆಕ್ಕ ಇದೆ, ನೀವು ವರ್ಷಕ್ಕೆ ಎಷ್ಟು ಮಾಡ್ತೀರಿ, ಸೋಂಕಾದರೆ ಏನು ಮಾಡ್ತೀರಿ, ಕೆಳಗೆ ಅಮ್ಮನ ಎರಡು ಪ್ರಶ್ನೆ. ಸಿಡುಕಬಹುದು ಅಂದುಕೊಂಡಿದ್ದೆ. ಅವರು ಹಾಳೆ ಇಸಕೊಂಡು ಒಂದೊಂದಕ್ಕೂ ಪಕ್ಕದಲ್ಲಿ ಬರೆದರು. ಅಮ್ಮನ ಪ್ರಶ್ನೆಗೆ ಮಾತ್ರ ಅವಳ ಕಡೆ ತಿರುಗಿ, "ನೆಲದ ಮೇಲೆ ಕೂರೋದು ಬಿಡಬೇಕಾಗುತ್ತಮ್ಮ, ಕಕ್ಕಸಿಗೆ ಮೊದಲು ಕಮೋಡ್ ಹಾಕಿಸಿ, ಆಮೇಲೆ ಬನ್ನಿ" ಅಂದರು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಸೊಪ್ಪು ಬಿಡಿಸೋದಕ್ಕೆ ಒಂದು ಸ್ಟೂಲು, ಊರ ಮನೆಗೆ ಕಮೋಡು, ಎರಡು ತಿಂಗಳು ಹಿಡೀತು.

ಆಪರೇಷನ್ ಒಂದೇ ಕಾಲಿಗೆ ಮಾಡಿಸಿದೆವು, ಬಲಗಾಲಿಗೆ. ಡಿಸ್ಚಾರ್ಜ್ ಚೀಟಿಯಲ್ಲಿ ಮತ್ತದೇ, ಕಂಪನಿ ಇಲ್ಲ, ಮಾಡೆಲ್ ಇಲ್ಲ. ಕೀಲಿನ ಡಬ್ಬಿಯಲ್ಲಿ ಮಾಡೆಲ್ ನಂಬರು, ಲಾಟ್ ನಂಬರು ಇರುವ ಅಂಟುಚೀಟಿಗಳು ಬರ್ತವೆ, ಆಪರೇಷನ್ ಕೋಣೆಯ ಕಡತಕ್ಕೆ ಅಂಟಿಸಿರ್ತಾರೆ ಅಂತ ಅಷ್ಟು ಹೊತ್ತಿಗೆ ನನಗೆ ಗೊತ್ತಿತ್ತು. ಬಿಲ್ಲಿಂಗ್ ಕೌಂಟರಿನಲ್ಲಿ ಕೇಳಿದರೆ "ಅದೆಲ್ಲ ಕೊಡಲ್ಲ ಸರ್" ಅಂದರು. ವಾರ್ಡಿನ ಸಿಸ್ಟರನ್ನು ಕೇಳಿದೆ, ಅವರು ಡಾಕ್ಟರಿಗೆ ಒಂದು ಮಾತು ಹೇಳಿ ಆ ಪುಟದ ಜೆರಾಕ್ಸ್ ತಂದುಕೊಟ್ಟರು. ನಾಲ್ಕು ಚೀಟಿ: ಲೋಹದ ಟೋಪಿಯದು, ತಟ್ಟೆಯದು, ಪ್ಲಾಸ್ಟಿಕ್ ಬಿಲ್ಲೆಯದು, ಸಿಮೆಂಟಿನದು. ಅಲ್ಲೇ ಮೊಬೈಲಿನಲ್ಲಿ ಫೋಟೋನೂ ತೆಗೆದುಕೊಂಡು ತಂಗಿಗೆ ಕಳಿಸಿದೆ.

ಜೆರಾಕ್ಸ್ ಈಗ ತಗಡಿನ ಪೆಟ್ಟಿಗೆಯಲ್ಲಿದೆ, ಹೋದ ವರ್ಷ ಇಳಿಸಿದ ಮೋಟರಿನ ಕಾರ್ಡಿನ ಜೊತೆ ಒಂದೇ ಪ್ಲಾಸ್ಟಿಕ್ ಕವರಿನೊಳಗೆ. ಹಿಂಬದಿಯಲ್ಲಿ ಅಮ್ಮ ಬಾಲ್ ಪೆನ್ನಿನಲ್ಲಿ ತಾರೀಖು ಹಾಕಿ "ಬಲಗಾಲು" ಅಂತ ಬರೆದಿದ್ದಾಳೆ. ಎಡಗಾಲಿನ ಮಾತು ತೆಗೆದರೆ, ಕಾಯಿ ಕೀಳೋದು ಮುಗೀಲಿ ನೋಡನ ಅಂತಾಳೆ.